ಕ್ರಿಸ್ಮಸ್ ತನಕ ಮುಖಕ್ಕೆ ರಜೆ

ಕಾಲೇಜು ಮುಗಿಸಿಕೊಂಡು ದೋಣಿ ಇಳಿದ ದಿನ ಆರ್ಲಿಬೆತ್‌ಳ ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚು ದಣಿದಿದ್ದದ್ದು ಅವಳ ಮುಖ.

ಅವಳು ಓದಿದ್ದು ಹೋಟೆಲು ಮತ್ತು ಪ್ರವಾಸೋದ್ಯಮ. ಎದುರಿಂದ ನಾಲ್ಕು ಜನ ಬಂದರೆ ಬೇಲಿಗೆ ಒತ್ತಿಕೊಂಡು ನಿಂತು, ಅವರು ದಾಟುವ ತನಕ ಗಿಡದ ಎಲೆ ನೋಡುವ ಹುಡುಗಿ ಇವಳು. ಇಂಥವಳಿಗೆ ಆ ಓದನ್ನು ಆರಿಸಿದ್ದು ತೀತಾ ನೆನಿತಾ, ಅಂದರೆ ನೆನಿತಾ ಅತ್ತೆ, ಅಪ್ಪನ ಅಕ್ಕ. "ನಾಚಿಕೆಗೆ ಅದೇ ಮದ್ದು" ಅಂದಿದ್ದಳು. ನಾಲ್ಕು ವರ್ಷ ಆ ಮದ್ದು ಕುಡಿದದ್ದಾಯಿತು. ಇಲೊಯಿಲೊ ಪಟ್ಟಣದ ಹೋಟೆಲಿನ ಬಾಗಿಲಲ್ಲಿ ತರಬೇತಿಗೆ ನಿಂತಾಗ ಮೇಷ್ಟರು ಕಂಬದ ಹಿಂದಿನಿಂದ ಇಣುಕಿ, "ಹಲ್ಲು, ಮಿಸ್ ಪಗುನ್ಸಾನ್, ಹಲ್ಲು! ತುಟಿ ನಗು ಯಾರಿಗೆ ಬೇಕು?" ಎಂದು ಪಿಸುಗುಡುತ್ತಿದ್ದರು. ಅವಳು ಹಲ್ಲು ತೋರಿಸುತ್ತಿದ್ದಳು. ಸಂಜೆ ರೂಮಿಗೆ ಬಂದ ಮೇಲೂ ಹಲ್ಲು ಒಳಗೆ ಹೋಗಲು ಒಪ್ಪುತ್ತಿರಲಿಲ್ಲ. ಕೆನ್ನೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಬೇಕಾಗುತ್ತಿತ್ತು.

ಹಾಗಾಗಿ ಅವಳಿಗೆ ಇದ್ದದ್ದು ಒಂದೇ ಆಸೆ. ಕ್ರಿಸ್ಮಸ್ ತನಕ ಮನೆಯಲ್ಲಿರಬೇಕು. ತಡವಾಗಿ ಏಳಬೇಕು, ಅಪ್ಪನ ಮಾವಿನ ತೋಟದಲ್ಲಿ ಓಡಾಡಬೇಕು, ಯಾರ ಕಡೆಗೂ ನಗಬಾರದು. ಮುಖ ತನ್ನ ಪಾಡಿಗೆ ತಾನು ಜೋತುಬಿದ್ದುಕೊಂಡಿರಬೇಕು. ಆಮೇಲೆ ಕೆಲಸಕ್ಕೆ ಹೋಗುವುದಿಲ್ಲ ಅಂತೇನೂ ಇಲ್ಲ.

ಆದರೆ ಗಿಮಾರಸ್ ದ್ವೀಪದ ಆ ಮೂಲೆಯಲ್ಲಿ ಇಂಥದ್ದನ್ನೆಲ್ಲ ತೀರ್ಮಾನ ಮಾಡುವವಳು ತೀತಾ ನೆನಿತಾ. ಅವಳದು ಹಾಡಿದವರಿಗೆ ಅಂಕ ಕೊಡುವ ಕರಾವೊಕೆ ಪೆಟ್ಟಿಗೆಯನ್ನು ಬಾಡಿಗೆಗೆ ಕೊಡುವ ವ್ಯಾಪಾರ. ನಾಮಕರಣವಿರಲಿ, ಮದುವೆಯಿರಲಿ, ಸತ್ತವರ ಒಂಬತ್ತನೆಯ ದಿನವಿರಲಿ, ಪೆಟ್ಟಿಗೆ ಹೋಗಲೇಬೇಕು, ಪೆಟ್ಟಿಗೆಯ ಹಿಂದೆ ತೀತಾಳೂ ಹೋಗಲೇಬೇಕು. ಹೋದ ಕಡೆಯಲ್ಲೆಲ್ಲ ಮೈಕು ಅವಳ ಕೈಯಲ್ಲೇ. ಹೀಗೆ ಎರಡು ವಾರದ ಹಿಂದೆ ಒಂದು ನಾಮಕರಣದಲ್ಲಿ ಮೈಕು ಹಿಡಿದೇ ಅವಳು ದೋಣಿಕಟ್ಟೆಯ ಪ್ರವಾಸಿ ಕಚೇರಿ ನೋಡಿಕೊಳ್ಳುವ ತನ್ನ ಗೆಳತಿ ಮ್ಯಾಡಂ ಪುರಾಳ ಹತ್ತಿರ ಆರ್ಲಿಬೆತ್‌ಗೆ ಕೆಲಸ ಕೇಳಿದ್ದಳು. ಊರಿನ ಎದುರು ಇಲ್ಲ ಅನ್ನಲು ಪುರಾಗೆ ಬಾಯಿ ಬರಲಿಲ್ಲ. ದೋಣಿಕಟ್ಟೆಯಲ್ಲಿ ಬರುವ ಪ್ರವಾಸಿಗಳ ಕೊರಳಿಗೆ ಶಂಖದ ಹಾರ ಹಾಕಿ, ಮೈಕಿನಲ್ಲಿ ಸ್ವಾಗತ ಹೇಳುವ ಕೆಲಸ. ಹಲ್ಲು ಕಡ್ಡಾಯ.

"ಸೋಮವಾರದಿಂದ ಶುರು, ಇಂದಾಯ್" ಎಂದು ತೀತಾ ತಲೆ ನೇವರಿಸಿ ಹೇಳಿದಳು. ಊರಲ್ಲಿ ಹೆಣ್ಣುಮಕ್ಕಳನ್ನೆಲ್ಲ ಇಂದಾಯ್ ಅಂತಲೇ ಕರೆಯುವುದು. ಆದರೆ ತೀತಾಳ ಬಾಯಲ್ಲಿ ಅದು ಸುಗ್ರೀವಾಜ್ಞೆಯ ಹಾಗೆ ಕೇಳಿಸುತ್ತಿತ್ತು. "ಶನಿವಾರ ಊಟ. ಹಂದಿ ಹೇಳಿದ್ದೀನಿ. ಫ್ಲೆಕ್ಸ್ ಹಾಕ್ಸೋಣ."

"ಫ್ಲೆಕ್ಸ್ ಯಾಕೆ ತೀತಾ?"

"ಯಾಕೆ ಅಂದ್ರೆ? ಆ ಲಿಟೋನ ಮಗ ಮೂರು ಸಲ ಫೇಲಾಗಿ ಪಾಸಾದ. ಅವನ ಮುಖ ಇನ್ನೂ ಇಗರ್ಜಿ ಮುಂದೆ ನೇತಾಡ್ತಾ ಇದೆ. ನಮ್ಮ ಹುಡುಗಿ ಏನು ಕದ್ದು ಪಾಸಾಗಿದ್ದಾಳಾ?"

ಅದೂ ನಿಜ. ಅಲ್ಲಿ ಡಿಗ್ರಿ ಸಿಗುವುದು ಕಾಲೇಜಿನಲ್ಲಲ್ಲ, ಫ್ಲೆಕ್ಸ್ ಅಂಗಡಿಯಲ್ಲಿ. ಕಪ್ಪು ಗೌನು, ಚೌಕದ ಟೋಪಿ ಹಾಕಿಕೊಂಡ ಫೋಟೋ ಆಳೆತ್ತರಕ್ಕೆ ಮನೆಯ ಮುಂದೆ ನೇತಾಡುವ ತನಕ ಯಾರೂ ನಂಬುವುದಿಲ್ಲ.

"ಒಕ್ಕಣೆ ನೀನೇ ಬರೆದು ಅಂಗಡಿಗೆ ಕಳಿಸು. ನೀನು ಬರೆಯೋದ್ರಲ್ಲಿ ಜಾಣೆ" ಎಂದಳು ತೀತಾ. "ದೇವರಿಗೆ ಒಂದು ಥ್ಯಾಂಕ್ಸು, ಅಪ್ಪ ಅಮ್ಮಂಗೆ ಒಂದು, ನನಗೆ ಒಂದು. ನನ್ನ ಹೆಸರು ಸ್ವಲ್ಪ ದಪ್ಪಕ್ಷರದಲ್ಲಿರಲಿ. ನನಗೋಸ್ಕರ ಅಲ್ಲ, ದೂರದಿಂದ ಓದೋರಿಗೆ ಅನುಕೂಲ."

ಆ ರಾತ್ರಿ ಆರ್ಲಿಬೆತ್ ಎರಡು ಸಂದೇಶ ಬರೆದಳು. ಒಂದು ಅಂಗಡಿಗೆ. ಅದು ಐದು ನಿಮಿಷದ ಕೆಲಸ: ದೇವರು, ಅಪ್ಪ, ಅಮ್ಮ, ದಪ್ಪಕ್ಷರದ ತೀತಾ. ಇನ್ನೊಂದು ತೀತಾಗೆ. ಅದನ್ನು ಅವಳು ಎರಡು ವಾರದಿಂದ ಬರೆಯುತ್ತಿದ್ದಳು. ಎದುರಿಗೆ ನಿಂತು ಹೇಳುವುದು ಈ ಜನ್ಮಕ್ಕೆ ಆಗದ ಮಾತು. ಮೂರು ಸಲ ಪ್ರಯತ್ನ ಮಾಡಿ ಮೂರು ಸಲವೂ "ತೀತಾ, ನಿಮ್ಮ ಬ್ಲೌಸು ಚೆನ್ನಾಗಿದೆ" ಎಂದು ಹೇಳಿ ಬಂದಿದ್ದಳು. ಬ್ಲೌಸನ್ನು ಇಷ್ಟು ಹೊಗಳಿದ್ದಕ್ಕೆ ತೀತಾ ಅಂಥದ್ದೇ ಒಂದನ್ನು ಅವಳಿಗೂ ಹೊಲಿಸಿಕೊಟ್ಟಿದ್ದಳು. ಕೊನೆಗೆ ಬರೆಯುವುದೇ ಸರಿ ಎಂದು ತೀರ್ಮಾನಿಸಿ, ಒಂದೊಂದು ಮಾತನ್ನೂ ಹತ್ತು ಸಲ ಅಳಿಸಿ ಬರೆದು, ಕಣ್ಣು ಮುಚ್ಚಿ ಎರಡನ್ನೂ ಕಳಿಸಿಬಿಟ್ಟಳು. ಕಳಿಸಿದ್ದನ್ನು ತಿರುಗಿ ನೋಡುವ ಧೈರ್ಯವಿರಲಿಲ್ಲ. ಫೋನನ್ನು ಅಕ್ಕಿಡಬ್ಬಿಯೊಳಗೆ ಹೂತಿಟ್ಟು ಮಲಗಿದಳು.

ಬೆಳಿಗ್ಗೆ ಅನ್ನಕ್ಕಿಡಲು ಡಬ್ಬಿ ತೆರೆದ ಅಮ್ಮ, "ಅಕ್ಕಿ ಕೂಗ್ತಾ ಇದೆ" ಎಂದು ಕಿರುಚಿಕೊಂಡಾಗಲೇ ಅವಳಿಗೆ ಎಚ್ಚರವಾದದ್ದು. ತೀತಾಳ ಉತ್ತರ ಬಂದಿತ್ತು. ಒಳಗೆ ತೆರೆದು ನೋಡದೆ, ಪರದೆಯ ಮೇಲೆ ಕಂಡಷ್ಟನ್ನೇ ಓದಿಕೊಂಡಳು.

"ಇಂದಾಯ್, ಓದಿ ಕಣ್ಣಲ್ಲಿ ನೀರು ಬಂತು. ಎಂಥ ಒಳ್ಳೆ ಮನಸ್ಸು ನಿನ್ನದು. ಒಂದಕ್ಷರ ಬದಲಾಯಿಸಬೇಡ. ಹಾಗೇ ಆಗಲಿ."

ಆರ್ಲಿಬೆತ್‌ಗೆ ಹೊಟ್ಟೆಯಲ್ಲಿ ಹಾಲು ಹುಯ್ದ ಹಾಗಾಯಿತು. ಇಷ್ಟು ಸುಲಭವಾ? ಎರಡು ವಾರ ಸುಮ್ಮನೆ ಸತ್ತೆನಲ್ಲ! ಶನಿವಾರದ ತನಕ ಮೂರು ದಿನ ಅವಳು ರಾಣಿಯ ಹಾಗೆ ಮಲಗಿದಳು. ಮುಖ ಜೋತುಬಿಟ್ಟುಕೊಂಡು ಊಟ ಮಾಡಿದಳು. ಅಮ್ಮ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ, ಆದರೂ ಯಾಕೆ ಹೀಗಿದೀಯ?" ಅಂದರೆ, "ರಜೆ" ಅಂದಳು. ತೀತಾ ಸೋಮವಾರದ ಸುದ್ದಿ ಎತ್ತಿದಾಗಲೂ, ಓಹೋ, ಊರವರ ಮುಂದೆ ಮರ್ಯಾದೆಗೆ ಹಾಗನ್ನುತ್ತಿದ್ದಾಳೆ ಎಂದುಕೊಂಡು ಸುಮ್ಮನಾದಳು.

ಶನಿವಾರ ಬೆಳಿಗ್ಗೆ ಮನೆಯ ಮುಂದಿನ ಕೂಡುರಸ್ತೆಯಲ್ಲಿ ಗದ್ದಲ ಕೇಳಿ ಕಿಟಕಿಯಿಂದ ನೋಡಿದಳು. ಅಂಗಳದ ಮಾವಿನ ಮರಕ್ಕೂ ರಸ್ತೆಯಾಚೆಯ ವಿದ್ಯುತ್ ಕಂಬಕ್ಕೂ ನಡುವೆ ಅವಳೇ ನೇತಾಡುತ್ತಿದ್ದಳು. ಚೌಕದ ಟೋಪಿ, ಮೂವತ್ತೆರಡು ಹಲ್ಲು. ಅಕ್ಕಪಕ್ಕದಲ್ಲಿ ಅಂಗಡಿಯವನು ತನ್ನ ಕಡೆಯಿಂದ ಸೇರಿಸಿದ ಚಿನ್ನದ ನಕ್ಷತ್ರಗಳು. ಕೆಳಗೆ ಕೆಂಪು ಅಕ್ಷರದಲ್ಲಿ ಒಕ್ಕಣೆ:

"ತೀತಾ, ದಯವಿಟ್ಟು ಕೋಪ ಮಾಡಿಕೊಳ್ಳಬೇಡಿ. ಸೋಮವಾರದಿಂದ ಕೆಲಸಕ್ಕೆ ಹೋಗಲು ನನಗೆ ಮನಸ್ಸಿಲ್ಲ. ಕ್ರಿಸ್ಮಸ್ ತನಕ ಮನೆಯಲ್ಲಿರುತ್ತೇನೆ. ನಕ್ಕು ನಕ್ಕು ಮುಖ ನೋಯುತ್ತಿದೆ. ಎದುರಿಗೆ ಹೇಳಲು ನಾಚಿಕೆಯಾಗಿ ಬರೆಯುತ್ತಿದ್ದೇನೆ. ಇದನ್ನು ಯಾರಿಗೂ ಹೇಳಬೇಡಿ."

ಫೋನು ತೆಗೆದು, ತಾನು ಕಳಿಸಿದ್ದನ್ನು ಮೂರು ದಿನದ ಮೇಲೆ ಮೊದಲ ಸಲ ತಿರುಗಿ ನೋಡಿದಳು. ತೀತಾಗೆ ಹೋಗಿದ್ದದ್ದು ದೇವರು, ಅಪ್ಪ, ಅಮ್ಮ, ದಪ್ಪಕ್ಷರ. ಕಣ್ಣಲ್ಲಿ ನೀರು ತರಿಸಿದ್ದು ಅದು. ಅಂಗಡಿಗೆ ಹೋಗಿದ್ದದ್ದು ಇದು. ಅಂಗಡಿಯ ಗೋಡೆಯ ಮೇಲೆ ಬೋರ್ಡೇ ಇದೆಯಲ್ಲ, ಕಳಿಸಿದ್ದನ್ನು ಕಳಿಸಿದ ಹಾಗೇ ಮುದ್ರಿಸುತ್ತೇವೆ ಅಂತ. ಹಿಂದೊಮ್ಮೆ ಯಾರೋ, "ಹೆಸರು ಆಮೇಲೆ ಹೇಳ್ತೀನಿ" ಎಂದು ಕಳಿಸಿದ್ದರು. ಆ ಮದುಮಗ "ಹೆಸರು ಆಮೇಲೆ ಹೇಳ್ತೀನಿ" ಎಂಬ ಫ್ಲೆಕ್ಸಿನ ಕೆಳಗೇ ಮದುವೆಯಾಗಿದ್ದ.

ಓಡಿ ಹೋಗಿ ಹಗ್ಗ ಬಿಚ್ಚಿಬಿಡೋಣ ಎಂದರೆ ಫ್ಲೆಕ್ಸಿನ ನೇರ ಕೆಳಗೆ ಹೊಸ ಬ್ಲೌಸು ತೊಟ್ಟ ತೀತಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಕನ್ನಡಕ ಹಾಕಿಕೊಂಡರೆ ವಯಸ್ಸು ಕಾಣುತ್ತದೆ ಎಂದು ಅವಳು ಹಬ್ಬದ ದಿನ ಅದನ್ನು ಮನೆಯಲ್ಲೇ ಬಿಟ್ಟು ಬರುವುದು ರೂಢಿ. ಅವಳ ಪಾಲಿಗೆ ಮೇಲಿದ್ದದ್ದು ಒಂದು ದೊಡ್ಡ ನಗು, ಅದರ ಕೆಳಗೆ ಕೆಂಪು ಮೋಡ.

"ಎಷ್ಟು ಚೆನ್ನಾಗಿ ಬರೆದಿದ್ದಾಳೆ ಅಲ್ವಾ?" ಎಂದು ಅವಳು ಬಾಡಿಗೆ ಟ್ರೈಸಿಕಲ್ ಓಡಿಸುವ ಮಾನೋಂಗ್ ತೆರ್ಸಿಂಗ್‌ನನ್ನು ಕೇಳಿದಳು. ಹಗ್ಗ ಕಟ್ಟಿದವನು ಊರಿಗೆಲ್ಲ ಅಣ್ಣನಾದ ಈ ಮಾನೋಂಗೇ.

ಮಾನೋಂಗ್ ತೆರ್ಸಿಂಗ್ ಮೇಲೆ ನೋಡಿದ, ತೀತಾಳನ್ನು ನೋಡಿದ, ಅಂಗಳದಲ್ಲಿ ಕೆಂಡದ ಮೇಲೆ ತಿರುಗುತ್ತಿದ್ದ ಹಂದಿಯನ್ನು ನೋಡಿದ. ಹಂದಿಯ ಚರ್ಮ ಇನ್ನೂ ಕೆಂಪಗಾಗಿರಲಿಲ್ಲ.

"ಮನಸ್ಸು ಬಿಚ್ಚಿ ಬರೆದಿದ್ದಾಳೆ ತೀತಾ" ಅಂದ.

ಆಮೇಲೆ ಬೇಲಿಯ ಈಚೆ ಬಂದು ಎಲ್ಲರಿಗೂ ತಗ್ಗಿದ ದನಿಯಲ್ಲಿ ಹೇಳಿದ: "ನೋಡ್ರಪ್ಪಾ, ಹಂದಿ ಬೇಯೋ ತನಕ ಯಾರೂ ಬಾಯಿ ಬಿಡಬೇಡಿ. ಆಕೆ ಮುನಿಸಿಕೊಂಡು ಹಂದಿ ವಾಪಸ್ ತಗೊಂಡು ಹೋದ್ರೆ ನಾನು ಜವಾಬ್ದಾರನಲ್ಲ."

ಹೀಗಾಗಿ ಮಧ್ಯಾಹ್ನದ ತನಕ ತೀತಾ ಒಬ್ಬಳನ್ನು ಬಿಟ್ಟು ಊರೆಲ್ಲ ಆರ್ಲಿಬೆತ್‌ಳ ಭವಿಷ್ಯದ ಬಗ್ಗೆ ಚರ್ಚೆ ಮಾಡಿತು. ಜೀಪುಗಳು ಕೂಡುರಸ್ತೆಗೆ ಬಂದು ನಿಧಾನವಾಗುತ್ತಿದ್ದವು. ಒಳಗಿನವರು ಓದಿ ಮುಗಿಸುವ ತನಕ ಚಾಲಕ ಕಾಯುತ್ತಿದ್ದ. ಓದು ಬರದವರಿಗೆ ಪಕ್ಕದವರು ಓದಿ ಹೇಳುತ್ತಿದ್ದರು.

"ಪಾಪ, ಸುಸ್ತಾಗಿದೆ ಹುಡುಗಿಗೆ."

"ಎಂಥ ಸುಸ್ತು? ನನ್ನ ಮುಖ ನೋಡು, ನಲವತ್ತು ವರ್ಷದಿಂದ ಮೀನು ಮಾರ್ತಾ ಇದೆ. ರಜಾ ಕೇಳಿದ್ಯಾ?"

"ನಿನ್ನ ಮುಖ ನಕ್ಕಿದ್ದು ಯಾವಾಗ, ನೋಯೋದಕ್ಕೆ?"

"ಅದಿರಲಿ, ಕ್ರಿಸ್ಮಸ್ ತನಕ ಅಂದಿದ್ದಾಳೆ. ಯಾವ ಕ್ರಿಸ್ಮಸ್ಸು?" ಎಂದು ತೆರ್ಸಿಂಗ್ ಕಾನೂನು ತೆಗೆದ. "ನಮ್ಮಲ್ಲಿ ಸೆಪ್ಟೆಂಬರ್ ಒಂದನೇ ತಾರೀಕಿಗೇ ನಕ್ಷತ್ರ ಕಟ್ಟಿ ಹಾಡು ಹಾಕ್ತೀವಿ. ಆ ಲೆಕ್ಕದಲ್ಲಿ ಎರಡೇ ತಿಂಗಳು. ಇಷ್ಟಕ್ಕೆ ಇಷ್ಟು ದೊಡ್ಡ ಫ್ಲೆಕ್ಸ್ ಬೇಕಿತ್ತಾ?"

ಇದರ ಮೇಲೆ ಎರಡು ಪಂಗಡವೇ ಆಯಿತು.

ಅಪ್ಪ ಫ್ಲೆಕ್ಸಿನ ಕೆಳಗೆ ಬಹಳ ಹೊತ್ತು ನಿಂತಿದ್ದ. ಮಾತಿನಲ್ಲಿ ಅವನೂ ಮಗಳ ಹಾಗೆಯೇ, ಎಣಿಸಿ ಕೊಡುವವನು. ಒಳಗೆ ಬಂದು, ಅಕ್ಕಿಮೂಟೆಯ ಹಿಂದೆ ಮುದುರಿ ಕೂತಿದ್ದ ಮಗಳ ಪಕ್ಕದಲ್ಲಿ ಕೂತ.

"ಈ ವರ್ಷ ಚೆನ್ನಾಗಿ ಬಿಟ್ಟ ಮರಕ್ಕೆ ನಾನು ಮುಂದಿನ ವರ್ಷ ಹೂ ಬಿಡಿಸೋ ಮದ್ದು ಹೊಡೆಯೋದಿಲ್ಲ" ಅಂದ. "ಸುಮ್ಮನೆ ಬಿಟ್ಟುಬಿಡ್ತೀನಿ. ಎಲೆ ಬಿಟ್ಟುಕೊಂಡು ಇರಲಿ ಅಂತ."

ಆರ್ಲಿಬೆತ್ ಕಣ್ಣೊರೆಸಿಕೊಂಡಳು. "ಹಾಗಾದ್ರೆ ತೀತಾಗೆ ನೀನೇ ಹೇಳ್ತೀಯಾ ಅಪ್ಪ?"

ಅಪ್ಪ ಎದ್ದು ನಿಂತ. "ಹಂದಿ ತಿರುಗಿಸೋದಕ್ಕೆ ಕರೀತಾ ಇದ್ದಾರೆ" ಎಂದು ಹೊರಟೇಹೋದ.

ಹಂದಿ ಬೆಂದಿತು. ಪಾದ್ರಿ ಇಲ್ಲದ್ದರಿಂದ ತೀತಾಳೇ ಪ್ರಾರ್ಥನೆ ಹೇಳಿದಳು, ಮೈಕಿನಲ್ಲಿ. ಮೇಜಿನ ತುದಿಯಲ್ಲಿ ಮ್ಯಾಡಂ ಪುರಾ ಕೂತಿದ್ದಳು. ಅವಳ ಬೆನ್ನು ಫ್ಲೆಕ್ಸಿನ ಕಡೆಗಿತ್ತು. ಹಾಗೆ ಕೂರಿಸಿದವನು ತೆರ್ಸಿಂಗ್. ಎಲ್ಲರ ತಟ್ಟೆಗೂ ಅನ್ನ ಬಿತ್ತು, ಗರಿಗರಿ ಚರ್ಮ ಬಿತ್ತು. ಇನ್ನೇನು ಬಾಯಿಗಿಡಬೇಕು, ಅಷ್ಟರಲ್ಲಿ ತೀತಾ ಕರಾವೊಕೆಯ ಗುಂಡಿ ಒತ್ತಿ ಒಂದು ಮೆಲುವಾದ ರಾಗ ಹಾಕಿದಳು.

"ತಡೀರಿ, ತಡೀರಿ. ಊಟಕ್ಕೆ ಮುಂಚೆ ಮನಸ್ಸು ತುಂಬಬೇಕು. ಇಂದಾಯ್! ಎಲ್ಲಿ ಅವಿತುಕೊಂಡಿದೀಯ? ಬಾ ಇಲ್ಲಿ. ನಿನ್ನ ಒಕ್ಕಣೆ ನೀನೇ ಓದು. ನನ್ನ ಕನ್ನಡಕ ಮನೇಲಿದೆ. ಪುರಾನೂ ಕೇಳಲಿ, ತಾನು ಎಂಥ ಹುಡುಗೀನ ಕೆಲಸಕ್ಕೆ ತಗೊಂಡಿದ್ದಾಳೆ ಅಂತ."

ಮೈಕು ಕೈಗೆ ಬಂತು. ಊರಿಗೆ ಊರೇ ಚಮಚ ಕೆಳಗಿಟ್ಟಿತು. ತೆರ್ಸಿಂಗ್ ಮಾತ್ರ ಒಂದು ತುಂಡು ಚರ್ಮ ಮೆಲ್ಲಗೆ ಜೇಬಿಗೆ ಸೇರಿಸಿದ್ದನ್ನು ಅವಳು ನೋಡಿದಳು.

ತಪ್ಪಿಸಿಕೊಳ್ಳುವುದು ಕಷ್ಟವಿರಲಿಲ್ಲ. ತೀತಾಗೆ ಕಾಣುವುದಿಲ್ಲ, ಪುರಾಗೆ ಬೆನ್ನು, ಊರವರಿಗೆ ಹಸಿವು. ಆರ್ಲಿಬೆತ್ ಫ್ಲೆಕ್ಸ್ ನೋಡುತ್ತ ಶುರುಮಾಡಿದಳು: "ಮೊದಲು ದೇವರಿಗೆ ನನ್ನ ವಂದನೆ. ಆಮೇಲೆ ನನ್ನ ಪ್ರೀತಿಯ ಅಪ್ಪ ಅಮ್ಮನಿಗೆ..."

"ಜೋರಾಗಿ!" ಎಂದಳು ತೀತಾ, ಕಣ್ಣಲ್ಲಿ ಆಗಲೇ ನೀರು. "ಸೋಮವಾರದಿಂದ ದೋಣಿಕಟ್ಟೆಯಲ್ಲಿ ದಿನಾ ಹೀಗೇ ಹೇಳಬೇಕು. ನಗು ಎಲ್ಲಿ? ಹಲ್ಲು, ಇಂದಾಯ್, ಹಲ್ಲು!"

ಅಭ್ಯಾಸಬಲ. ಅವಳ ಹಲ್ಲು ತಾನಾಗಿಯೇ ಹೊರಬಂತು. ಕೆನ್ನೆಯ ಎರಡೂ ಕಡೆ ಅದೇ ಹಳೆಯ ಎಳೆತ. ಮೇಲೆ ಗಾಳಿಗೆ ಅಲುಗಾಡುತ್ತ ಅವಳ ಇನ್ನೊಂದು ಮುಖ ನಗುತ್ತಿತ್ತು. ಅದಕ್ಕೆ ನೋವಿಲ್ಲ, ರಜೆ ಬೇಕಿಲ್ಲ, ಎಷ್ಟು ಹೊತ್ತು ಬೇಕಾದರೂ ನಗಬಲ್ಲದು. ಅದನ್ನು ನೋಡಿ ಅವಳಿಗೆ ಮೊದಲ ಸಲ ಸಿಟ್ಟು ಬಂತು. ಅಷ್ಟು ದೊಡ್ಡದಾಗಿ ನಗುತ್ತಲೇ ಅದು ಅವಳ ಗುಟ್ಟನ್ನು ಬೆಳಗಿನಿಂದ ಊರಿಗೆಲ್ಲ ಹೇಳಿದೆ. ಹೇಳದೆ ಉಳಿದಿದ್ದವಳು ಇವಳೊಬ್ಬಳೇ.

ಅವಳು ಬಾಯಿ ಮುಚ್ಚಿದಳು. ಹಲ್ಲು ಒಳಗೆ ಹೋಯಿತು. ಉಸಿರೆಳೆದುಕೊಂಡು, ಮೇಲೆ ಬರೆದದ್ದನ್ನು ಬರೆದ ಹಾಗೇ ಓದಿದಳು.

"ತೀತಾ, ದಯವಿಟ್ಟು ಕೋಪ ಮಾಡಿಕೊಳ್ಳಬೇಡಿ..."

ಓದುವಾಗ ದನಿ ನಡುಗಿತು. "ಮುಖ ನೋಯುತ್ತಿದೆ" ಅನ್ನುವಲ್ಲಿ ಒಡೆಯಿತು. "ಇದನ್ನು ಯಾರಿಗೂ ಹೇಳಬೇಡಿ" ಅನ್ನುವಾಗ ನೆಟ್ಟಗಾಗಿ, ಪೆಟ್ಟಿಗೆಯ ಎರಡು ದೊಡ್ಡ ಸ್ಪೀಕರಿನಿಂದ ಹೊರಟು ಕೂಡುರಸ್ತೆಯಾಚೆಯ ಗದ್ದೆಯ ತನಕ ಹೋಯಿತು.

ಹಿನ್ನೆಲೆಯ ರಾಗ ಮುಗಿಯಿತು. ಅವಳು ಹಾಡಿದಳು ಎಂದೇ ತಿಳಿದ ಪೆಟ್ಟಿಗೆ ತುತ್ತೂರಿ ಊದಿ, ಬಣ್ಣದ ದೀಪ ಮಿನುಗಿಸಿ, ಪರದೆಯ ತುಂಬ ಅಂಕ ತೋರಿಸಿತು: ತೊಂಬತ್ತೆಂಟು.

ತೀತಾಗೆ ಅಷ್ಟು ದೊಡ್ಡ ಅಂಕ ಕನ್ನಡಕವಿಲ್ಲದೆಯೂ ಕಂಡಿತು. ಅವಳ ಜೀವಮಾನದ ದಾಖಲೆ ತೊಂಬತ್ತನಾಲ್ಕು.

"ಇದು..." ಎಂದಳು ತೀತಾ, ಬೆರಳು ಮೇಲಕ್ಕೆತ್ತಿ. "ಇದು ಅಲ್ಲಿ ಬರೆದಿದೆಯಾ?"

"ಬರೆದಿದೆ ತೀತಾ" ಎಂದ ತೆರ್ಸಿಂಗ್, ಅನ್ನದ ಕಡೆ ನೋಡುತ್ತ. "ಬೆಳಿಗ್ಗೆಯಿಂದ ಓದ್ತಾ ಇದೀವಿ."

"ಎಲ್ಲರೂ?"

"ಜೀಪಿನವರೂ."

"ಯಾರಿಗೂ ಹೇಳಬೇಡಿ ಅಂತಲೂ ಇದೆಯಾ?"

"ಅದೇ ದಪ್ಪಕ್ಷರದಲ್ಲಿರೋದು."

ಮ್ಯಾಡಂ ಪುರಾ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ಫ್ಲೆಕ್ಸ್ ಓದತೊಡಗಿದಳು. ಅಪ್ಪ, ಯಾವ ದೇವರು ಮೈಮೇಲೆ ಬಂದನೋ, "ಅಕ್ಕಾ, ಮರಕ್ಕೂ ಒಂದು ವರ್ಷ ಬಿಡ್ತೀವಿ" ಅಂದ.

"ಮರ ಅನ್ನ ತಿನ್ನಲ್ಲ!" ಎಂದಳು ತೀತಾ.

ಅಷ್ಟೇ ಅವಳು ಆಡಿದ ಮಾತು. ಬೈದಿದ್ದರೆ ಊರು ನಿರಾಳವಾಗುತ್ತಿತ್ತು. ಅವಳು ಕೈಚೀಲ ಎತ್ತಿಕೊಂಡಳು, ಕರಾವೊಕೆಯ ವೈರು ಕಿತ್ತಳು, ಪೆಟ್ಟಿಗೆಯನ್ನು ತೆರ್ಸಿಂಗ್‌ನ ಟ್ರೈಸಿಕಲ್ಲಿಗೆ ಹೇರಿಸಿಕೊಂಡು ಹೊರಟುಹೋದಳು. ಹಂದಿ ಬಿಟ್ಟು ಹೋದಳು, ಅದೊಂದು ಪುಣ್ಯ. ಆದರೆ ಹಾಡಿಲ್ಲದ ಊಟ ಆ ಊರಿನಲ್ಲಿ ಯಾರಿಗೂ ರೂಢಿಯಿಲ್ಲ. ಸತ್ತವರ ಮನೆಯಲ್ಲೂ ಇಷ್ಟು ನಿಶ್ಶಬ್ದವಿರುವುದಿಲ್ಲ. ಎಲ್ಲರಿಗೂ ತಮ್ಮ ತಮ್ಮ ಅಗಿಯುವ ಸದ್ದು ಕೇಳಿ ಮುಜುಗರವಾಗಿ, ಬೇಗ ಬೇಗ ತಿಂದು ಎದ್ದರು.

ಭಾನುವಾರ ಇಗರ್ಜಿಯಲ್ಲಿ ತೀತಾ ಮುಂದಿನ ಸಾಲಿನಲ್ಲಿ ಕೂತಿದ್ದಳು. ಹಿಂದಿರುಗಿ ನೋಡಲಿಲ್ಲ. ಸೋಮವಾರ ಬೆಳಿಗ್ಗೆ ಆರ್ಲಿಬೆತ್ ಹಾಸಿಗೆಯಲ್ಲೇ ಇದ್ದಳು. ಯಾರೂ ಎಬ್ಬಿಸಲಿಲ್ಲ. ದೂರದಲ್ಲಿ ಮೊದಲ ದೋಣಿಯ ಎಂಜಿನ್ ಸದ್ದು, ಆಮೇಲೆ ಎರಡನೆಯದು. ಬೇಕಾಗಿದ್ದ ರಜೆ ಇದೇ, ಎದುರಿಗೆ ಬಂದು ಕೂತಿದೆ. ಆದರೆ ಮುಖ ಜೋತುಬಿಡಲು ಹೋದರೆ ಬರುತ್ತಿರಲಿಲ್ಲ. ನಗುವುದಕ್ಕಿಂತ ಅಳು ತಡೆಯುವುದೇ ಕೆನ್ನೆಗೆ ಹೆಚ್ಚು ಕಷ್ಟ ಎಂದು ಅವಳಿಗೆ ಆ ದಿನ ತಿಳಿಯಿತು. ಸಂಜೆ ತೀತಾಳ ಮನೆಯ ಬೇಲಿಯ ತನಕ ಹೋದಳು. ಒಳಗೆ ತೀತಾ ಒಬ್ಬಳೇ ಕರಾವೊಕೆ ಹಾಕಿಕೊಂಡು ಹಾಡುತ್ತಿದ್ದಳು. ತುತ್ತೂರಿ ಊದಿತು. "ತೊಂಬತ್ತೊಂದಾ! ಹಾಳಾಗಿ ಹೋಗು" ಎಂದು ಪೆಟ್ಟಿಗೆಗೆ ಬೈದದ್ದು ಕೇಳಿಸಿತು. ಆರ್ಲಿಬೆತ್ ಬೇಲಿಯ ಎಲೆ ನೋಡಿಕೊಂಡು ನಿಂತು, ಹಾಗೇ ವಾಪಸ್ ಬಂದಳು.

ಮಂಗಳವಾರ ಬೆಳಿಗ್ಗೆ ಮತ್ತೆ ಕೂಡುರಸ್ತೆಯಲ್ಲಿ ಗದ್ದಲ. ಜೀಪುಗಳು ಸಾಲುಗಟ್ಟಿ ನಿಂತಿದ್ದವು. ಆರ್ಲಿಬೆತ್ ಕಿಟಕಿಗೆ ಬಂದಳು.

ಅವಳ ಫ್ಲೆಕ್ಸಿನ ಪಕ್ಕದಲ್ಲಿ ಅದಕ್ಕಿಂತ ಒಂದು ಮೊಳ ದೊಡ್ಡದಾದ ಇನ್ನೊಂದು ಫ್ಲೆಕ್ಸ್. ಅದರಲ್ಲಿ ನೀಲಿ ಗೌನು, ತಲೆಯ ಮೇಲೆ ಕಿರೀಟ, ಕನ್ನಡಕವಿಲ್ಲದ ಇಪ್ಪತ್ತರ ತೀತಾ ನೆನಿತಾ. ಊರಹಬ್ಬದ ರಾಣಿ ಸ್ಪರ್ಧೆಗೆ ನಿಂತಿದ್ದಾಗ ತೆಗೆಸಿದ್ದು. ಹಲ್ಲು ಕಾಣುತ್ತಿರಲಿಲ್ಲ, ಬರೀ ತುಟಿಯಂಚಿನಲ್ಲಿ ಹೆದರಿದ ಹಾಗೊಂದು ನಗು. ಕೆಳಗೆ:

"ಇಂದಾಯ್, ನಾನು ಕೋಪ ಮಾಡಿಕೊಂಡಿಲ್ಲ. ಮಾಡಿಕೊಂಡಿದ್ದೆ, ಈಗ ಇಲ್ಲ. ಕ್ರಿಸ್ಮಸ್ ತನಕ ಮನೆಯಲ್ಲಿರು. ಕ್ರಿಸ್ಮಸ್ ಅಂದರೆ ಡಿಸೆಂಬರಿನದು, ತೆರ್ಸಿಂಗ್ ಮಾತು ಕೇಳಬೇಡ. ಅಷ್ಟು ದಿನ ಕಾಯಲು ಪುರಾ ಒಪ್ಪಿದ್ದಾಳೆ. ತುಟಿ ನಗು ಸಾಕಂತೆ. ನಿನಗೆ ಬೇಡವಾದರೆ ಆಗ ಹೇಳು, ಆದರೆ ಫೋನಿನಲ್ಲಿ ಬೇಡ. ಇದನ್ನೆಲ್ಲ ಎದುರಿಗೆ ಹೇಳಲು ನನಗೂ ಬರುವುದಿಲ್ಲ. ಬೇಕಾದವರಿಗೆಲ್ಲ ಹೇಳಿಕೋ. ನಿನ್ನ ತೀತಾ."

"ನನ್ನ ಹೆಸರು ಯಾಕೆ ಹಾಕಿದ್ರು ಅದ್ರಲ್ಲಿ?" ಎಂದು ತೆರ್ಸಿಂಗ್ ಗೊಣಗುತ್ತಿದ್ದ. ಆದರೂ ಫೋನು ಹಿಡಿದು ಅದೇ ಸಾಲಿನ ಫೋಟೋ ತೆಗೆದುಕೊಳ್ಳುತ್ತಿದ್ದ. ಆರ್ಲಿಬೆತ್ ಅಂಗಳಕ್ಕೆ ಬಂದದ್ದನ್ನು ನೋಡಿ ಜೋರಾಗಿ ಕೇಳಿದ: "ಏನು ಇಂದಾಯ್, ರಜೆ ಸಿಕ್ಕಿತಲ್ಲ! ಡಿಸೆಂಬರ್ ತನಕ ಏನು ಮಾಡ್ತೀಯಾ?"

ಮೂರು ಜೀಪಿನ ಜನ ಅವಳ ಕಡೆ ತಿರುಗಿದರು. ಬೇಲಿ ಪಕ್ಕದಲ್ಲೇ ಇತ್ತು, ಎಲೆಗಳೂ ಬೇಕಾದಷ್ಟಿದ್ದವು. ಅವಳು ಬೇಲಿಯ ಕಡೆ ಹೋಗಲಿಲ್ಲ.

"ಏನೂ ಇಲ್ಲ ಮಾನೋಂಗ್!" ಅಂದಳು, ಮೈಕಿಲ್ಲದೆಯೇ ಕೊನೆಯ ಜೀಪಿಗೂ ಕೇಳಿಸುವಷ್ಟು ಜೋರಾಗಿ.

ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಜೀಪುಗಳ ನಡುವೆ ದಾರಿ ಮಾಡಿಕೊಂಡು, ತೀತಾಳ ಮನೆಯ ಕಡೆ ನಡೆದಳು. ಈ ಸಲ ಬ್ಲೌಸಿನ ವಿಷಯ ಎತ್ತಬಾರದು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ತೀತಾ ಬಾಗಿಲಲ್ಲೇ ನಿಂತಿದ್ದಳು. ಕನ್ನಡಕ ಹಾಕಿಕೊಂಡಿದ್ದಳು.

"ಓದಿದೆಯಾ?" ಎಂದಳು, ಬೇಲಿಯ ಎಲೆ ನೋಡುತ್ತ.

"ಓದಿದೆ."

ಇಬ್ಬರೂ ಸ್ವಲ್ಪ ಹೊತ್ತು ಎಲೆ ನೋಡಿದರು.

"ತೀತಾ, ಆ ನೀಲಿ ಗೌನು ತುಂಬಾ ಚೆನ್ನಾಗಿದೆ" ಅಂದಳು ಆರ್ಲಿಬೆತ್.